ನೀರಿನ ಪೆಟ್ಟಿಗೆಯ ಚಾಚಾ

ಕೊಟ್ಟೂರಿನ ಸಂತೆಯಲ್ಲಿ ಬದನೆಕಾಯಿ ಆರಿಸಲು ನನಗೆ ಬಹಳ ಹೊತ್ತು ಹಿಡಿಯುತ್ತದೆ. ಕಾಯಿಗಿಂತ ಮೊದಲು ತೊಟ್ಟನ್ನೂ ತೂತನ್ನೂ ನೋಡುವ ಚಟ. ಕೀಟಶಾಸ್ತ್ರ ಓದಿದವಳನ್ನು ಕಟ್ಟಿಕೊಂಡರೆ ಮಧ್ಯಾಹ್ನದ ಪಲ್ಯ ರಾತ್ರಿಗೆ ಆಗುತ್ತದೆ ಎಂದು ನಮ್ಮ ಯಜಮಾನರು ಆಡಿಕೊಳ್ಳುತ್ತಾರೆ. ಆವತ್ತೂ ಹಾಗೇ ಕಾಯಿ ತಿರುಗಿಸುತ್ತ ಕೂತಿದ್ದಾಗ ಬದನೆಕಾಯಿ ಮಾರುವ ಮುದುಕಿ ತಕ್ಕಡಿ ಕೆಳಗಿಟ್ಟು, ನಿಮ್ಮ ಹುಳದ ಚಾಚಾ ತೀರಿಕೊಂಡು ಹದಿನೈದು ದಿನವಾಯಿತು, ಗೊತ್ತೋ ಇಲ್ಲವೋ ಎಂದಳು. ನನಗೆ ಗೊತ್ತಿರಲಿಲ್ಲ.

ಕೈಯಲ್ಲಿದ್ದ ಕಾಯಿಯನ್ನು ನೋಡದೆ ಚೀಲಕ್ಕೆ ಹಾಕಿದೆ. ಮುದುಕಿ ಹೇಳುತ್ತಲೇ ಇದ್ದಳು. ನಮಾಜು ಮುಗಿಸಿ ಬಂದು ಮಲಗಿದವರು ಏಳಲಿಲ್ಲವಂತೆ, ಯಾರ ಕೈಯಿಂದಲೂ ಒಂದು ಲೋಟ ನೀರಿನ ಸೇವೆ ಮಾಡಿಸಿಕೊಳ್ಳಲಿಲ್ಲವಂತೆ. ಅವರ ಮನೆಯವರು ಮೊನ್ನೆಯೂ ಬಂದು ತನ್ನ ಹಿತ್ತಲಿನ ಬದನೆ ಎಲೆ ಒಯ್ದರಂತೆ. ಎಲೆ ಯಾಕೆ ಎಂದು ಕೇಳುವಷ್ಟು ಗಮನ ನನಗಿರಲಿಲ್ಲ. ಬಸ್ಸಿನಲ್ಲಿ ಕೂತ ಮೇಲೆ ತಲೆಯಲ್ಲಿ ಓಡಿದ್ದು ಒಂದೇ. ಐದು ವರ್ಷದಿಂದ ಅವರಿಗೆ ಹೇಳಬೇಕಾಗಿದ್ದ ಒಂದು ಮಾತನ್ನು ಇನ್ನು ಅವರಿಗೆ ಹೇಳುವಂತಿಲ್ಲ.

ನಮ್ಮದು ಹಗರಿಬೊಮ್ಮನಹಳ್ಳಿಯಿಂದ ಕೊಟ್ಟೂರಿಗೆ ಹೋಗುವ ದಾರಿಯಲ್ಲಿರುವ ಸಣ್ಣ ಸಂಶೋಧನಾ ಕೇಂದ್ರ. ಬೆಳೆ ತಿನ್ನುವ ಹುಳುಗಳಿಗೆ ಅಲ್ಲಿ ಔಷಧ ಹುಡುಕುತ್ತೇವೆ. ಔಷಧ ಹುಡುಕಬೇಕಾದರೆ ಮೊದಲು ಹುಳು ಬೇಕು. ಹೊಲದಿಂದ ಹಿಡಿದು ತಂದ ಹುಳು ಅಂಗಡಿಯಲ್ಲಿರುವ ಎಲ್ಲ ವಿಷದ ರುಚಿಯನ್ನೂ ನೋಡಿರುತ್ತದೆ, ಅದರ ವಯಸ್ಸೂ ತಿಳಿಯದು, ರೋಗವೂ ತಿಳಿಯದು. ಆದ್ದರಿಂದ ತಲೆಮಾರುಗಟ್ಟಲೆ ಕೋಣೆಯೊಳಗೇ ಹುಟ್ಟಿ ಬೆಳೆದ, ಒಂದೇ ದಿನ ಮೊಟ್ಟೆಯೊಡೆದು ಬಂದ ಹುಳುಗಳು ಬೇಕಾಗುತ್ತವೆ. ಅವನ್ನು ಸಾಕುತ್ತಿದ್ದವರು ಚಾಚಾ. ದಿನಗೂಲಿಯ ಕೆಲಸ. ಹಾಜರಿ ಪುಸ್ತಕದಲ್ಲಿ ಬೇರೆ ಹೆಸರಿತ್ತು, ಬಾಯಲ್ಲಿ ಮಾತ್ರ ಎಲ್ಲರಿಗೂ ಹುಳದ ಚಾಚಾ.

ಅವರ ಅಪ್ಪ, ಅಜ್ಜ ಕೊಟ್ಟೂರಿನಲ್ಲಿ ತಾಮ್ರ ಹಿತ್ತಾಳೆಯ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದವರು. ಚಾಚಾ ಕೂಡ ಅರ್ಧ ಆಯುಷ್ಯ ತಿದಿ ಒತ್ತಿದವರೇ. ಮನೆಮನೆಗೂ ಸ್ಟೀಲು ಬಂದ ಮೇಲೆ ಆ ಕೆಲಸ ತಣ್ಣಗಾಯಿತು. ನಮ್ಮ ಕೇಂದ್ರದಲ್ಲಿ ಕಾವಲುಗಾರ ರಜೆ ಹಾಕಿದ ಒಂದು ತಿಂಗಳಿಗೆಂದು ಬಂದವರು, ಕಿಟಕಿಯ ಜಾಲರಿ ಹರಿದದ್ದನ್ನು ಯಾರೂ ಹೇಳದೆ ರಿಪೇರಿ ಮಾಡಿದರಂತೆ. ಆಗಿದ್ದ ವಿಜ್ಞಾನಿಯೊಬ್ಬರು ಆ ಬೆರಳುಗಳನ್ನು ನೋಡಿ ಹುಳದ ಕೋಣೆಗೆ ಕರೆದುಕೊಂಡರು. ತಗಡು, ಸೊಳ್ಳೆಪರದೆ, ಸ್ವಲ್ಪ ಬೆಸುಗೆ ಇದ್ದರೆ ಸಾಕು, ಚಾಚಾ ಹುಳದ ಪೆಟ್ಟಿಗೆ ಮಾಡಿ ನಿಲ್ಲಿಸುತ್ತಿದ್ದರು. ಕಾದ ಪಾತ್ರೆ ಮುಟ್ಟಿ ಮುಟ್ಟಿ ಅವರ ಬೆರಳ ತುದಿಗೆ ಬಿಸಿ ತಿಳಿಯುತ್ತಿರಲಿಲ್ಲ. ಆ ಮರಗಟ್ಟಿದ ಬೆರಳುಗಳಲ್ಲೇ ಕೂದಲ ಕುಂಚ ಹಿಡಿದು, ಆಗಷ್ಟೇ ಹುಟ್ಟಿದ, ಸಾಸಿವೆಗಿಂತ ಸಣ್ಣ ಮರಿಹುಳವನ್ನು ಎಲೆಯಿಂದ ಎಲೆಗೆ ದಾಟಿಸುತ್ತಿದ್ದರು. ಆ ಕುಂಚದ ಕೂದಲು ಅವರ ಗಡ್ಡದ್ದೇ ಎಂದು ಆಫೀಸಿನವರು ಚೇಷ್ಟೆ ಮಾಡುತ್ತಿದ್ದರು. ಅವರು ಹೌದೆಂದೂ ಅನ್ನಲಿಲ್ಲ, ಅಲ್ಲವೆಂದೂ ಅನ್ನಲಿಲ್ಲ.

ನಾನು ಗುಡೇಕೋಟೆಯ ಕಡೆಯವಳು. ಸ್ನಾತಕೋತ್ತರ ಪದವಿ ಮುಗಿಸಿ, ಗುತ್ತಿಗೆಯ ಮೇಲೆ ಸಂಶೋಧನಾ ಸಹಾಯಕಿಯಾಗಿ ಬಂದ ಮೊದಲ ದಿನವೇ ಚಾಚಾ ನನ್ನನ್ನು ಬಾಗಿಲಲ್ಲಿ ತಡೆದರು. ಹೊಸ ಕೆಲಸವೆಂದು ಸೀರೆಯುಟ್ಟು, ಹಡಗಲಿ ಮಲ್ಲಿಗೆಯ ಒಂದು ಮೊಳ ಮುಡಿದು ಹೋಗಿದ್ದೆ.

"ಹೂವು ಹೊರಗ ಬಿಡ್ರಿ ಮೇಡಂ. ಯಾವ ತೋಟದಾಗ ಏನು ಹೊಡ್ದಾರೋ, ಒಳಗಿನವಕ್ಕ ತಡ್ಯಂಗಿಲ್ಲ."

ನನಗೆ ಸಿಟ್ಟು ಬಂತು. ಎರಡು ಚಿನ್ನದ ಪದಕ ತಂದವಳಿಗೆ ಕಲಾಯಿ ಸಾಹೇಬರು ಪಾಠ ಹೇಳುವುದೇ? ಹೂವು ತೆಗೆದೆ, ಮುಖ ಊದಿಸಿಕೊಂಡೆ. ಮರುದಿನ ಹೋದಾಗ ಬಾಗಿಲ ಪಕ್ಕದ ಗೋಡೆಯಲ್ಲಿ ನನ್ನ ಕೈಗೆ ಎಟುಕುವಷ್ಟು ಎತ್ತರದಲ್ಲಿ ಒಂದು ಹೊಸ ಮೊಳೆ ಇತ್ತು. ಹೂವು ಸಿಕ್ಕಿಸಲು. ಸಂಜೆ ಹೊರಡುವಾಗ ನೋಡಿದರೆ ಯಾರೋ ನೀರು ಚಿಮುಕಿಸಿ, ಹೂವು ಬಾಡದ ಹಾಗೆ ಮೇಲೊಂದು ಒದ್ದೆ ಬಟ್ಟೆ ಹೊದಿಸಿದ್ದರು.

ಅವರು ತಮಗೂ ಅದೇ ಕಟ್ಟಳೆ ಹಾಕಿಕೊಂಡಿದ್ದರು. ಅತ್ತರಿನ ಮೇಲೆ ಪ್ರಾಣ ಅವರಿಗೆ. ಆದರೆ ಸೀಸೆ ಇರುತ್ತಿದ್ದುದು ಗೇಟಿನ ಹತ್ತಿರ, ಕಾವಲುಗಾರನ ಗೂಡಿನಲ್ಲಿ. ಶುಕ್ರವಾರ ಮಸೀದಿಗೆ ಹೊರಟಾಗ ಅಲ್ಲಿ ಹಚ್ಚಿಕೊಂಡು ಹೋಗುವರು, ತಿರುಗಿ ಬಂದಾಗ ಅಲ್ಲೇ ಕೈ, ಕೊರಳು ತೊಳೆದುಕೊಂಡು ಒಳಗೆ ಬರುವರು. ಒಂದು ವರ್ಷ ರಂಜಾನ್ ಹಬ್ಬ ಔಷಧದ ಪರೀಕ್ಷೆಯ ನಡುವೆ ಬಂದಿತ್ತು. ಹೊಸ ಜುಬ್ಬಾ ತೊಟ್ಟು, ಅತ್ತರಿಲ್ಲದೆ, ನಮಾಜಿನಿಂದ ನೇರ ಎಲೆ ಬದಲಿಸಲು ಬಂದರು. ಮನೆಯಲ್ಲಿ ಬೈದರಂತೆ, ಹಬ್ಬದ ದಿನವೂ ಮೈಗೆ ಬದನೆ ಎಲೆಯ ವಾಸನೆ ಎಂದು. ಅದನ್ನು ನಮಗೆ ಹೇಳಿ ತಾವೇ ನಕ್ಕರು.

ನಮ್ಮ ಪರೀಕ್ಷೆ ಇದ್ದದ್ದು ಬದನೆಯ ಚುಕ್ಕಿ ಹುಳದ ಮೇಲೆ. ಇಪ್ಪತ್ತೆಂಟು ಚುಕ್ಕಿಯ ದುಂಬಿ ಅದು. ಅದೂ, ಅದರ ಮುಳ್ಳುಮೈಯ ಹಳದಿ ಮರಿಯೂ ಎಲೆಯ ಹಸಿರನ್ನೆಲ್ಲ ಕೆರೆದು ತಿಂದು ಬರೀ ನರದ ಜಾಲರಿ ಉಳಿಸುತ್ತವೆ. ನೋಡಲು ಥೇಟ್ ಗುಲಗಂಜಿ ಹುಳದ ಹಾಗೆ, ಬಂಧುವೂ ಹೌದು. ಗುಲಗಂಜಿ ಹುಳವಾದರೋ ಗಿಡದ ಹೇನು ತಿಂದು ರೈತನ ಪಾಲಿಗೆ ಉಪಕಾರಿ. ಅಂಗಡಿಯ ವಿಷಕ್ಕೆ ಈ ವ್ಯತ್ಯಾಸ ತಿಳಿಯುವುದಿಲ್ಲ, ಎರಡನ್ನೂ ಕೊಲ್ಲುತ್ತದೆ. ನಾವು ಹುಡುಕುತ್ತಿದ್ದದ್ದು ಚುಕ್ಕಿ ಹುಳವೊಂದನ್ನೇ ಕೊಲ್ಲುವ ಆರ್‌ಎನ್‌ಎ ಔಷಧವನ್ನು.

ಅದು ಏನೆಂದು ಹರಪನಹಳ್ಳಿ ಕಡೆಯ ಅರಸೀಕೆರೆಯ ರೈತರ ಸಭೆಯಲ್ಲಿ ನಮ್ಮ ಯೋಜನೆಯ ಮುಖ್ಯಸ್ಥರು ಮುಕ್ಕಾಲು ಗಂಟೆ ವಿವರಿಸಿದರು. ಅವರು ದೂರದ ದೊಡ್ಡ ಕ್ಯಾಂಪಸ್ಸಿನಿಂದ ತಿಂಗಳಿಗೊಮ್ಮೆ ಬರುವವರು, ಒಳ್ಳೆಯವರು, ಪರದೆಯ ಮೇಲೆ ಬಣ್ಣಬಣ್ಣದ ಚಿತ್ರ ತೋರಿಸಿದರು. ರೈತರು ಚಹಾದ ಡ್ರಮ್ಮಿನ ಕಡೆ ನೋಡುತ್ತಿದ್ದರು. ಕೊನೆಗೆ ಒಬ್ಬರು ಎದ್ದು, ಹಿಂದೆ ಪೆಟ್ಟಿಗೆ ಹಿಡಿದು ನಿಂತಿದ್ದ ಚಾಚಾನನ್ನೇ ಕೇಳಿದರು, ಇದು ಏನು ಮಾಡತೈತಿ ಹೇಳ್ರಿ ಅಂತ.

"ಮನಿ ಯಜಮಾನ ಒಂದು ಚೀಟಿ ಬರದು ಅಂಗಡಿಗಿ ಕಳಿಸ್ತಾನ, ಅಕ್ಕಿ, ಬ್ಯಾಳಿ, ಎಣ್ಣಿ ಅಂತ. ದಾರ್ಯಾಗ ಚೀಟಿ ಹರದ್ರ ಸಾಮಾನು ಬರಂಗಿಲ್ಲ, ಒಲಿ ಹತ್ತಂಗಿಲ್ಲ. ಹುಳದ ಮೈಯಾಗೂ ಹಂಗ ಚೀಟಿ ಓಡಾಡ್ತಾವ್ರಿ. ಇದು ವಿಷ ಅಲ್ಲ. ಅದರ ಚೀಟಿ ಹರೀತೈತಿ, ಅಷ್ಟ."

ಗುಲಗಂಜಿ ಹುಳದ ಚೀಟಿಯನ್ನೂ ಹರಿದರೆ ಏನು ಗತಿ ಎಂದು ಆ ರೈತರು ಬಿಡದೆ ಕೇಳಿದರು. ಚೀಟಿಯ ಮೇಲೆ ಹೆಸರು ಇರುತ್ತದಲ್ಲ, ಪಕ್ಕದ ಮನೆಯ ಚೀಟಿ ನಾವು ಮುಟ್ಟುವುದಿಲ್ಲ ಎಂದರು ಚಾಚಾ. ಮುಖ್ಯಸ್ಥರು ಜೇಬಿನಿಂದ ಪೆನ್ನು ತೆಗೆದು ಅದನ್ನು ಬರೆದುಕೊಂಡರು. ಆಮೇಲಿನ ಸಭೆಗಳಲ್ಲಿ ಚಿತ್ರಗಳು ಕಡಿಮೆಯಾದವು, ಚೀಟಿ ಬಂತು.

ಪರೀಕ್ಷೆಯ ಕ್ರಮ ಸರಳ. ಅರ್ಧ ಪೆಟ್ಟಿಗೆಗಳಲ್ಲಿ ಔಷಧದಲ್ಲಿ ಅದ್ದಿದ ಎಲೆ, ಅರ್ಧ ಪೆಟ್ಟಿಗೆಗಳಲ್ಲಿ ಬರೀ ನೀರಿನಲ್ಲಿ ಅದ್ದಿದ ಎಲೆ. ಔಷಧದ ಪೆಟ್ಟಿಗೆಯಲ್ಲಿ ಹುಳು ಸತ್ತರೆ ಸಾಲದು, ನೀರಿನ ಪೆಟ್ಟಿಗೆಯಲ್ಲಿ ಬದುಕಿರಬೇಕು. ಅಲ್ಲಿಯೂ ಸತ್ತರೆ, ಕೊಂದದ್ದು ಔಷಧವೋ ಸೆಕೆಯೋ ಹಸಿವೆಯೋ ಹೇಳುವವರು ಯಾರು? ಇಡೀ ಪರೀಕ್ಷೆ ತಿಪ್ಪೆಗೆ ಹೋಗುತ್ತದೆ. ನಾವೆಲ್ಲ ಔಷಧದ ಪೆಟ್ಟಿಗೆಯ ಸುತ್ತ ಮುತ್ತಿಕೊಂಡಿದ್ದರೆ ಚಾಚಾ ನೀರಿನ ಪೆಟ್ಟಿಗೆಯ ಮುಂದೆ ಕುಕ್ಕರಗಾಲಲ್ಲಿ ಕೂತಿರುತ್ತಿದ್ದರು. ಔಷಧ ಉಂಡ ಹುಳ ಸಾಯೋದು ನಿಮ್ಮ ವಿದ್ಯಾ, ನೀರು ಉಂಡ ಹುಳ ಬದುಕೋದು ನನ್ನ ಕೆಲಸ ಎನ್ನುವರು. ಹುಳದ ಕೋಣೆಯ ದಪ್ಪ ರಿಜಿಸ್ಟರಿನಲ್ಲಿ ನೀರಿನ ಪೆಟ್ಟಿಗೆಗೆ ಒಂದು ಕಾಲಂ ಇತ್ತು. ವರ್ಷಗಟ್ಟಲೆ ಅದರಲ್ಲಿ ಸಾವು ಸೊನ್ನೆ, ಒಂದು, ಸೊನ್ನೆ, ಸೊನ್ನೆ. ಎಲ್ಲೋ ಒಂದು ಸತ್ತ ದಿನ ಅವರು ಚಹಾ ಕುಡಿಯುತ್ತಿರಲಿಲ್ಲ. ಓದು ಬರಹ ಅಷ್ಟಕ್ಕಷ್ಟೇ ಇದ್ದ ಮನುಷ್ಯ ಆ ಒಂದು ಕಾಲಮನ್ನು ಮಾತ್ರ ಬೆರಳಿಟ್ಟು ಓದುತ್ತಿದ್ದರು. ಅದು ಅವರ ಮಾನದ ಪುಟ.

ಪರೀಕ್ಷೆ ಮುಗಿದ ಮೇಲೆ ಉಳಿದ ಹುಳುಗಳನ್ನು ಫ್ರೀಜರಿಗೆ ಹಾಕಿ ಕೊಲ್ಲಬೇಕು ಎಂಬುದು ನಿಯಮ. ಔಷಧದ್ದೂ ಅಷ್ಟೇ, ನೀರಿನದ್ದೂ ಅಷ್ಟೇ. ಚಾಚಾ ಪೆಟ್ಟಿಗೆಗಳನ್ನು ಎತ್ತಿಕೊಂಡು ಫ್ರೀಜರಿನ ಕೋಣೆಗೆ ಹೋಗುವುದನ್ನು ನೋಡುತ್ತಿದ್ದೆ. ಒಳಗೆ ಏನಾಗುತ್ತಿತ್ತೆಂದು ನಾನು ಒಮ್ಮೆಯೂ ಇಣುಕಲಿಲ್ಲ.

ಇನ್ನು ಆ ಆಯುಧಪೂಜೆ. ಹೊಲಕ್ಕೆ ಇಳಿಸುವ ಮುಂಚಿನ ಕೊನೆಯ ಪರೀಕ್ಷೆ ನಡೆದಿತ್ತು. ನಾಲ್ಕು ದಿನಕ್ಕೆ ಮುಖ್ಯಸ್ಥರು ಬರುವವರು, ಅವರ ಹಿಂದೆಯೇ ಯೋಜನೆ ಮುಂದುವರಿಯಬೇಕೋ ಬೇಡವೋ ಎಂದು ನೋಡುವ ಸಮಿತಿ. ನನ್ನ ಗುತ್ತಿಗೆಯೂ ಅದರ ಬಾಲಕ್ಕೇ ಕಟ್ಟಿತ್ತು. ನಮ್ಮಲ್ಲಿ ಆಯುಧಪೂಜೆ ಜೋರು. ಸೂಕ್ಷ್ಮದರ್ಶಕಕ್ಕೆ ಮೂರು ಬೆರಳ ವಿಭೂತಿ, ಫ್ರಿಜ್ಜಿಗೆ ಚೆಂಡುಹೂವಿನ ಹಾರ, ಜೀಪಿನ ಗಾಲಿಗೆ ನಿಂಬೆಹಣ್ಣು. ಬೂದುಗುಂಬಳ ಪ್ರತಿ ವರ್ಷವೂ ಚಾಚಾನದೇ. ಕೊಟ್ಟೂರಿನಿಂದ ಹೆಗಲ ಮೇಲೆ ಹೊತ್ತು ತಂದು, ಒಡೆಯುವಾಗ ದೂರ ನಿಂತು ನೋಡಿ, ಮಂಡಕ್ಕಿ ಪ್ರಸಾದವನ್ನು ಕರವಸ್ತ್ರದಲ್ಲಿ ಕಟ್ಟಿಕೊಳ್ಳುವರು. ಆ ವರ್ಷ ಹರಪನಹಳ್ಳಿಯಲ್ಲಿ ಮಗಳು ಹೆತ್ತಿದ್ದಳು. ಪೂಜೆ ಮುಗಿಯುತ್ತಲೇ ಕೋಣೆಯ ಕೀಲಿ ನನ್ನ ಕೈಗೆ ಕೊಟ್ಟು, ಎಲೆ ಬದಲಿಸಿದ್ದೇನೆ, ನಾಳೆ ಬೆಳಗಿನತನಕ ಬಾಗಿಲು ತೆಗೆಯುವ ಕೆಲಸವಿಲ್ಲ ಎಂದು ಎರಡು ಸಲ ಹೇಳಿ ಬಸ್ಸು ಹತ್ತಿದರು.

ಸಂಜೆ ಎಲ್ಲರೂ ಹೋದ ಮೇಲೆ ನನಗೆ ಒಂದು ಕೊರಗು ಹತ್ತಿತು. ಜೀಪಿಗೆ ಪೂಜೆಯಾಯಿತು, ಫ್ಯಾನಿಗೂ ಆಯಿತು, ನಮಗೆ ಅನ್ನ ಹಾಕುವ ಹುಳದ ಕೋಣೆಗೆ ಆಗಲಿಲ್ಲವಲ್ಲ. ನಮ್ಮಪ್ಪ ಕೂರಿಗೆಗೂ ಊದಿನಕಡ್ಡಿ ಬೆಳಗದೆ ಬಿತ್ತನೆಗೆ ಹೊರಟವರಲ್ಲ. ಪೂಜೆಯ ಕಡ್ಡಿಗಳು ಮುಗಿದಿದ್ದವು. ಕಾವಲುಗಾರನ ಗೂಡಿನಲ್ಲಿ ಪೊಟ್ಟಣವಿಲ್ಲದೆ ಬಿಡಿಯಾಗಿ ನಾಲ್ಕು ಕಡ್ಡಿ ಸಿಕ್ಕವು. ಬಾಗಿಲು ತೆಗೆದೆ, ಬಾಳೆಹಣ್ಣಿನ ತುಂಡಿಗೆ ನಾಲ್ಕನ್ನೂ ಚುಚ್ಚಿದೆ, ನೀರಿನ ಪೆಟ್ಟಿಗೆಯ ಮುಂದಿಟ್ಟು ಹಚ್ಚಿ ಕೈ ಮುಗಿದೆ. ಬಾಗಿಲು ಭದ್ರವಾಗಿ ಹಾಕಿ, ಬೆಳಿಗ್ಗೆ ಚಾಚಾನಿಗೆ ಸಿಗಲೆಂದು ಕೀಲಿಯನ್ನು ಕಾವಲುಗಾರನ ಗೂಡಿನಲ್ಲಿ ಬಿಟ್ಟೆ. ಅಷ್ಟು ನೆಮ್ಮದಿಯಿಂದ ನಾನು ಆ ತಿಂಗಳಲ್ಲಿ ಮಲಗಿರಲಿಲ್ಲ.

ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ಚಾಚಾ ಕೋಣೆಯ ಮೆಟ್ಟಿಲ ಮೇಲೆ ಕೂತಿದ್ದರು, ತೊಡೆಯ ಮೇಲೆ ನೀರಿನ ಪೆಟ್ಟಿಗೆ. ಒಳಗಿನ ಹುಳುಗಳೆಲ್ಲ ಅಂಗಾತ ಬಿದ್ದಿದ್ದವು. ಔಷಧದ ಪೆಟ್ಟಿಗೆಗಳಲ್ಲೂ ಅಷ್ಟೇ, ಮೂಲೆಯಲ್ಲಿದ್ದ ಸಾಕಣೆಯ ಪೆಟ್ಟಿಗೆಗಳಲ್ಲೂ ಅಷ್ಟೇ. ಒಂದೂ ಉಳಿದಿರಲಿಲ್ಲ. ಚಾಚಾ ಕುಂಚದ ತುದಿಯಿಂದ ಒಂದೊಂದನ್ನೇ ಹೊರಳಿಸಿ ತೋರಿಸಿದರು. ನಮ್ಮ ಔಷಧಕ್ಕೆ ಅವಸರವಿಲ್ಲ. ಹುಳ ಮೂರು ನಾಲ್ಕು ದಿನಕ್ಕೆ ತಿನ್ನುವುದು ಬಿಡುತ್ತದೆ, ಆಮೇಲೆ ಎಲೆಗೆ ಅಂಟಿಕೊಂಡೇ ಸೊರಗುತ್ತದೆ. ಇವು ಕಾಲು ಮುದುಡಿ, ಬೆನ್ನ ಮೇಲೆ ಬಿದ್ದು ಸತ್ತಿದ್ದವು.

"ಇದು ಚೀಟಿ ಹರದ ಸಾವಲ್ಲ ಮೇಡಂ. ಹೊಗಿ ಸಾವು."

ನಾನು ಗೂಡಿಗೆ ಹೋಗಿ ಕಾವಲುಗಾರನನ್ನು ಕೇಳಿದೆ. ಸೊಳ್ಳೆ ಓಡಿಸುವ ಕಡ್ಡಿ ಮೇಡಂ, ರಾತ್ರಿ ಒಂದು ಹಚ್ಚಿದರೆ ಗೂಡಿನಲ್ಲಿ ಸೊಳ್ಳೆ ಜಿರಳೆ ಯಾವುದೂ ನಿಲ್ಲುವುದಿಲ್ಲ ಎಂದು ಅವನು ಹೆಮ್ಮೆಯಿಂದ ಹೇಳಿದ. ಕೀಟನಾಶಕಗಳ ಪಾಠದಲ್ಲಿ ತರಗತಿಗೇ ಮೊದಲ ಅಂಕ ತೆಗೆದವಳು ನಾನು. ವಾಪಸು ಬಂದು ಕೋಣೆಯೊಳಗೆ ನೋಡಿದರೆ ಬಾಳೆಹಣ್ಣಿನ ತುಂಡೂ ಇರಲಿಲ್ಲ, ಕಡ್ಡಿಯ ಮೋಟುಗಳೂ ಇರಲಿಲ್ಲ, ಬೂದಿಯೂ ಇರಲಿಲ್ಲ. ಇಲಿ ಒಯ್ದಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಬೂದಿ ಒಯ್ಯುವ ಇಲಿಯನ್ನು ಯಾವ ಪುಸ್ತಕದಲ್ಲೂ ಓದಿರಲಿಲ್ಲ, ಆದರೂ ನಂಬಿದೆ.

ಮುಖ್ಯಸ್ಥರು ಬಂದರು. ಕೂಗಾಡುವವರಲ್ಲ ಅವರು. ಪೆಟ್ಟಿಗೆಗಳನ್ನು ನೋಡಿದರು, ಕೋಣೆಯ ಕೀಲಿ ಯಾರ ಹತ್ತಿರ ಇತ್ತು ಎಂದು ಕೇಳಿದರು. ನಾನು ಬಾಯಿ ತೆರೆದೆ. ಗುತ್ತಿಗೆ, ಸಮಿತಿ, ಅಪ್ಪನ ಮುಖ, ಊರವರ ಮುಂದೆ ಹೇಳಿಕೊಂಡಿದ್ದ ಕೆಲಸ, ಎಲ್ಲವೂ ಒಂದೇ ಸಲಕ್ಕೆ ನೆನಪಾದವು. ಅಷ್ಟರಲ್ಲಿ ಚಾಚಾ ಮುಂದೆ ಬಂದು ನಿಂತರು.

"ಹುಳ ನನ್ನ ಸ್ವಾಧೀನದಾಗ ಇದ್ದವು ಸರ್. ನನ್ನ ಕೈಯಾಗ ಸತ್ತಾವ."

ಮುಖ್ಯಸ್ಥರು ರಿಜಿಸ್ಟರು ತೆಗೆದು ಆ ಕಾಲಮಿನಲ್ಲಿ ಬರೆದರು: ಎಲ್ಲವೂ ಸತ್ತಿವೆ, ಕಾರಣ ಸಾಕುವವರ ಲೋಪ. ಇನ್ನು ಮುಂದೆ ಹುಳುಗಳನ್ನು ಹೊರಗಿನಿಂದ ತರಿಸೋಣ, ಈ ತಿಂಗಳಿಗೆ ಚಾಚಾನ ಕೆಲಸ ಮುಗಿಸೋಣ ಎಂದು ಮೆತ್ತಗೆ ಹೇಳಿದರು. ನಾನು ಅಲ್ಲೇ ನಿಂತಿದ್ದೆ. ಕಾಲ ಕೆಳಗಿನ ಟೈಲ್ಸಿನಲ್ಲಿ ಒಂದು ಬಿರುಕು ಇತ್ತು, ಅದು ಈಗಲೂ ನನಗೆ ಬಾಯಿಪಾಠ. ಒಂದು ಮಾತು ಆಡಿದ್ದರೆ ಮುಗಿಯುತ್ತಿತ್ತು, ಆಡಲಿಲ್ಲ. ಇದನ್ನು ಎಷ್ಟು ಸುತ್ತಿ ಬಳಸಿ ಬರೆದರೂ ಹೇಡಿತನ ಎನ್ನುವ ಶಬ್ದವೇ ಸರಿಹೋಗುತ್ತದೆ.

ಚಾಚಾ ಬೇಡಿಕೊಳ್ಳಲಿಲ್ಲ. ಇಪ್ಪತ್ತೈದು ದಿನ ಕೊಡಿ, ಪರೀಕ್ಷೆ ತಿರುಗಿ ಮಾಡೋಣ, ಆಗಲೂ ನೀರಿನ ಹುಳ ಸತ್ತರೆ ನಾನೇ ಬರುವುದಿಲ್ಲ ಎಂದರು. ಹುಳ ಎಲ್ಲಿವೆ ಎಂದರು ಮುಖ್ಯಸ್ಥರು. ನಮ್ಮ ಮನೆಯಲ್ಲಿವೆ ಎಂದರು ಚಾಚಾ.

ಆಗ ಗೊತ್ತಾಯಿತು. ಪ್ರತಿ ಪರೀಕ್ಷೆಯ ಕೊನೆಗೆ ಔಷಧದ ಹುಳುಗಳನ್ನು ಫ್ರೀಜರಿಗೆ ಹಾಕಿ, ನೀರಿನ ಹುಳುಗಳನ್ನು ಮಾತ್ರ ಊಟದ ಡಬ್ಬಿಯಲ್ಲಿ ಹಾಕಿಕೊಂಡು ಕೊಟ್ಟೂರಿಗೆ ಒಯ್ಯುತ್ತಿದ್ದರು. ಮನೆಯ ತಾರಸಿಯ ಮೇಲಿನ ಒಂದು ಸಣ್ಣ ಕೋಣೆಯಲ್ಲಿ ಬಣ್ಣದ ಡಬ್ಬಿಗಳಲ್ಲಿ ಬದನೆ ಗಿಡ, ಸುತ್ತ ಎರಡು ಪದರದ ಜಾಲರಿ. ಒಂದು ಹುಳವೂ ಹೊರಗೆ ಹೋಗದ ಹಾಗೆ ತಾವೇ ಬೆಸುಗೆ ಹಾಕಿದ ಪೆಟ್ಟಿಗೆ. ನಿಯಮ ಮುರಿದದ್ದು ಯಾಕೆ ಎಂದು ಮುಖ್ಯಸ್ಥರು ಸಿಟ್ಟಾದರು. ಬಿತ್ತನೆಯ ಬೀಜವನ್ನು ಯಾರಾದರೂ ಹುರಿದು ತಿನ್ನುತ್ತಾರೇನು ಎಂದು ಚಾಚಾ ಕೇಳಿದರು. ಆಮೇಲೆ ದನಿ ಇಳಿಸಿ, ನೀರು ಉಂಡು ಬದುಕಿದ್ದಕ್ಕೆ ಅವನ್ನು ಸಾಯಿಸಲು ಮನಸ್ಸು ಬರಲಿಲ್ಲ ಎಂದರು. ಮುಖ್ಯಸ್ಥರು ಬಹಳ ಹೊತ್ತು ಕನ್ನಡಕ ಒರೆಸಿದರು. ಸಮಿತಿಯ ದಿನವನ್ನು ತಿಂಗಳು ಮುಂದಕ್ಕೆ ಹಾಕಿಸಿದರು. ರಿಜಿಸ್ಟರಿನ ಸಾಲು ಹಾಗೇ ಉಳಿಯಿತು.

ಮರುದಿನವೇ ಡಬ್ಬಿಯಲ್ಲಿ ದುಂಬಿಗಳು ಬಂದವು. ಅವು ಮೊಟ್ಟೆಯಿಟ್ಟು, ಮರಿಗಳು ಹೊರಬಂದು, ಪರೀಕ್ಷೆಗೆ ಸಿದ್ಧವಾಗುವ ತನಕ ನಾನು ಮನೆಗೆ ಹೋಗಿದ್ದು ಮಲಗಲು ಮಾತ್ರ. ಚಾಚಾ ನನ್ನ ಹತ್ತಿರ ಮೊದಲಿನ ಹಾಗೇ ಮಾತಾಡುತ್ತಿದ್ದರು. ಅವರಿಗೆ ಏನೂ ಗೊತ್ತಿಲ್ಲವೆಂದೇ ನಾನು ಒಂದು ವಾರ ನಂಬಿದ್ದೆ. ಒಂದು ಬೆಳಿಗ್ಗೆ ಹೂವು ಸಿಕ್ಕಿಸಲು ಕೈ ಎತ್ತಿದಾಗ, ಮೊಳೆಯ ಪಕ್ಕದಲ್ಲಿ, ಬಾಗಿಲ ಹೊರಗೆ, ತಗಡಿನ ಪುಟ್ಟ ಊದಿನಕಡ್ಡಿಯ ಗೂಡು ಕಂಡಿತು. ಬೂದಿ ಬೀಳಲು ಕೆಳಗೆ ತಟ್ಟೆ, ಹೊಗೆ ಗೋಡೆಯ ಆಚೆ ತಿರುಗಲು ಹಿಂದೊಂದು ಬಾಗಿದ ಮರೆ. ಕಲಾಯಿ ಹಾಕಿ ಕನ್ನಡಿಯಂತೆ ಉಜ್ಜಿದ್ದರು. ನಾನು ಅದನ್ನು ನೋಡುತ್ತ ನಿಂತದ್ದನ್ನು ಅವರು ಒಳಗಿನಿಂದ ನೋಡಿದರು.

"ಪೂಜಿ ಇಲ್ಲೆ ಮಾಡವ್ವ. ದೇವರಿಗಿ ಗ್ವಾಡಿ ಅಡ್ಡ ಬರಂಗಿಲ್ಲ."

ಅಲ್ಲಿಯತನಕ ನಾನು ಅವರಿಗೆ ಮೇಡಂ ಆಗಿದ್ದೆ. ಅವತ್ತಿನಿಂದ ಅವ್ವ. ನನಗೆ ಅಳು ತಡೆಯಲಾಗಲಿಲ್ಲ. ಚಾಚಾ, ಅವತ್ತು ನಾನು ಎಂದು ಶುರು ಮಾಡಿದೆ. ಅವರು ಕೈಯಲ್ಲಿದ್ದ ತಟ್ಟೆಯನ್ನು ನನ್ನ ಕಡೆ ಚಾಚಿ, ಎಲಿ ಬಾಡ್ತಾವ, ಮೊದ್ಲು ಎಲಿ ಹಾಕು ಎಂದರು. ಹಾಕಿದೆ. ಆಮೇಲೆ ಹೇಳಬೇಕು ಎಂದುಕೊಂಡೆ. ಅವರಿಗೆ ಗೊತ್ತೇ ಇದೆಯಲ್ಲ, ಇನ್ನು ಹೇಳುವುದೇನು ಎಂದೂ ಅಂದುಕೊಂಡೆ. ಗೊತ್ತಿರಬೇಕಾದದ್ದು ಅವರೊಬ್ಬರಿಗೇ ಅಲ್ಲ, ಆ ರಿಜಿಸ್ಟರಿಗೂ ಎಂಬುದು ಹೊಳೆದಿದ್ದರೂ ಹೊಳೆಯದವಳಂತೆ ಇದ್ದೆ.

ಎರಡನೆಯ ಪರೀಕ್ಷೆ ಗೆದ್ದಿತು. ಔಷಧದ ಎಲೆ ತಿಂದ ಮರಿಗಳು ನಾಲ್ಕನೆಯ ದಿನಕ್ಕೆ ಬಾಯಿ ಕಟ್ಟಿ, ವಾರದೊಳಗೆ ಸೊರಗಿ ಸತ್ತವು. ನೀರಿನ ಪೆಟ್ಟಿಗೆಯಲ್ಲಿ ಸಾವು ಸೊನ್ನೆ. ಅದೇ ಔಷಧ ಸವರಿದ ಹೇನು ತಿಂದ ಗುಲಗಂಜಿ ಹುಳುಗಳು ಏನೂ ಆಗದವರಂತೆ ಪೆಟ್ಟಿಗೆಯ ಗೋಡೆ ಹತ್ತಿ ಇಳಿದು ಮಾಡುತ್ತಿದ್ದವು. ಬಾಜೂ ಮನಿಯವು ಆರಾಮ ಅದಾವ ನೋಡ್ರಿ ಎಂದು ಚಾಚಾ ಸಮಿತಿಯವರಿಗೆ ತೋರಿಸಿದರು. ಹಡಗಲಿ ಕಡೆಯ ಬದನೆ ಹೊಲದ ಕಥೆ ಬೇರೆ. ಅಲ್ಲಿ ಬಿಸಿಲಿಗೆ ಔಷಧ ಬೇಗ ಕೆಡುತ್ತಿತ್ತು, ಮಳೆ ಬಂದರೆ ತೊಳೆದು ಹೋಗುತ್ತಿತ್ತು. ಒಮ್ಮೆ ಚೆನ್ನಾಗಿ ಹಿಡಿಯಿತು, ಒಮ್ಮೆ ಅಷ್ಟಕ್ಕಷ್ಟೇ. ಎಲೆಗೆ ಹೆಚ್ಚು ದಿನ ಅಂಟಿಕೊಂಡಿರುವ ಹಾಗೆ ಮಾಡುವುದು ಹೇಗೆಂದು ಈಗಲೂ ಹೆಣಗುತ್ತಿದ್ದೇವೆ. ಚಾಚಾನಿಗೆ ಅದರ ಅವಸರ ಇರಲಿಲ್ಲ. ಕಲಾಯಿಯೂ ಮೊದಲ ಸಲಕ್ಕೆ ಹಿಡಿಯೋದಿಲ್ಲ, ಪಾತ್ರೆಯನ್ನು ಬೈದರೆ ಏನು ಬಂತು ಎನ್ನುವರು.

ಎರಡು ವರ್ಷದ ಹಿಂದೆ, ಕಣ್ಣು ಮಂಜಾಗಿ ಮರಿಹುಳ ಕಾಣುವುದಿಲ್ಲ ಎಂದು ತಾವೇ ಕೆಲಸ ಬಿಟ್ಟರು. ಬೀಳ್ಕೊಡುಗೆಗೆ ಶಾಲು, ಹಾರ, ಮೈಸೂರು ಪಾಕು. ಮುಖ್ಯಸ್ಥರು ಅದಕ್ಕೆಂದೇ ಅಷ್ಟು ದೂರದಿಂದ ಬಂದು ಮನಸಾರೆ ಹೊಗಳಿದರು. ಇಷ್ಟು ವರ್ಷದಲ್ಲಿ ಒಂದೇ ಒಂದು ಸಲ ಬಿಟ್ಟರೆ ಇವರ ಕೈಯಲ್ಲಿ ನೀರಿನ ಪೆಟ್ಟಿಗೆ ಕೆಟ್ಟದ್ದೇ ಇಲ್ಲ ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಚಾಚಾ ಶಾಲಿನ ಅಂಚು ಹಿಡಿದುಕೊಂಡು ಕೆಳಗೆ ನೋಡುತ್ತ ಕೂತಿದ್ದರು. ಒಂದೇ ಒಂದು ಸಲ ಬಿಟ್ಟರೆ. ಮೂರನೆಯ ಸಾಲಿನಲ್ಲಿ ಕೂತು ನಾನೂ ಚಪ್ಪಾಳೆ ತಟ್ಟಿದೆ. ಆಗ ನನ್ನ ಕೆಲಸ ಕಾಯಂ ಆಗಿತ್ತು. ಹೆದರಲು ಕಾರಣವೇ ಇರಲಿಲ್ಲ.

ಸಂತೆಯ ಮುದುಕಿಯ ಬಾಯಿಂದ ಸುದ್ದಿ ಕೇಳಿದ ಮರುದಿನ ನಾನು ಕಪಾಟಿನಿಂದ ಆ ರಿಜಿಸ್ಟರು ತೆಗೆದೆ. ಈಗ ಹುಳದ ಕೋಣೆ ನನ್ನ ಉಸ್ತುವಾರಿಯಲ್ಲಿದೆ. ಆ ಸಾಲಿನ ಕೆಳಗೆ ಬರೆದೆ: 'ಲೋಪ ಸಾಕುವವರದಲ್ಲ. ಮುಚ್ಚಿದ ಕೋಣೆಯೊಳಗೆ ಸೊಳ್ಳೆಯ ಊದಿನಕಡ್ಡಿ ಹಚ್ಚಿದವಳು ನಾನು. ತಿಳಿದೂ ಐದು ವರ್ಷ ಹೇಳಲಿಲ್ಲ.' ಸಹಿ ಮಾಡಿ ಅವತ್ತಿನ ತಾರೀಖು ಹಾಕಿದೆ. ಆ ಪುಟದ ಪ್ರತಿಯನ್ನು ಮುಖ್ಯಸ್ಥರಿಗೆ ಕಳಿಸಿ, ರಿಜಿಸ್ಟರನ್ನು ಚೀಲದಲ್ಲಿಟ್ಟುಕೊಂಡು ಕೊಟ್ಟೂರಿಗೆ ಹೋದೆ.

ಚಾಚಾನ ಹೆಂಡತಿಯನ್ನು ನಾನು ಬೀಳ್ಕೊಡುಗೆಯ ದಿನ ಒಮ್ಮೆ ನೋಡಿದ್ದೆ. ಅವರು ನೀರು ಕೊಟ್ಟು ಚಾಪೆ ಹಾಸಿದರು. ಸಮಾಧಾನದ ಮಾತುಗಳು ಮುಗಿದ ಮೇಲೆ ನಾನು ರಿಜಿಸ್ಟರು ಬಿಚ್ಚಿ, ಮುಖ್ಯಸ್ಥರ ಸಾಲನ್ನೂ ನನ್ನ ಸಾಲನ್ನೂ ಓದಿ ಹೇಳಿದೆ. ಅವರು ಸೆರಗಿನ ತುದಿ ಬೆರಳಿಗೆ ಸುತ್ತಿಕೊಳ್ಳುತ್ತ ಕೇಳಿದರು.

"ಹಿಂಗಾತು ಅಂತ ನನಗ ಅವಾಗ ಹೇಳಿದ್ರವ್ವ. ಯಾರು ಅಂತ ಎಷ್ಟು ಕೇಳಿದ್ರೂ ಹೇಳಲಿಲ್ಲ."

ನಾನು ತಲೆ ತಗ್ಗಿಸಿದೆ. ಅವರು ಬೈಯಲಿಲ್ಲ, ಹೋಗಲಿ ಬಿಡು ಎಂದೂ ಹೇಳಲಿಲ್ಲ. ಮೂಲೆಯ ಬುಟ್ಟಿಯಲ್ಲಿ ಒದ್ದೆ ಬಟ್ಟೆ ಹೊದಿಸಿಟ್ಟಿದ್ದ ಬದನೆ ಎಲೆಗಳನ್ನು ಎತ್ತಿಕೊಂಡು ತಾರಸಿಯ ಮೆಟ್ಟಿಲು ಹತ್ತತೊಡಗಿದರು. ನೀರಿನ ಹುಳಕ್ಕೆ ಎಲೆ ತಪ್ಪಿಸಬೇಡ ಎಂದು ಹೇಳುತ್ತಿದ್ದರಂತೆ ಚಾಚಾ. ಈಗ ಡಬ್ಬಿಯ ಗಿಡಗಳು ಸಾಲುತ್ತಿಲ್ಲ, ಸಂತೆಯ ಮುದುಕಿಯ ಹಿತ್ತಲಿಂದ ತರುತ್ತಾರಂತೆ, ಅವಳು ಏನೂ ಹೊಡೆಯುವುದಿಲ್ಲವಂತೆ. ಅರ್ಧ ಮೆಟ್ಟಿಲು ಹತ್ತಿದವರು ನಿಂತು, ಕೆಳಗೆ ಕೂತಿದ್ದ ನನ್ನ ಕಡೆ ತಿರುಗಿದರು.

"ಎಲಿ ಬಾಡ್ತಾವ, ಬಾ."

ಎದ್ದು ಹಿಂದೆ ಹೋದೆ. ತಾರಸಿಯ ಕೋಣೆಯ ಬಾಗಿಲಿಗೆ ಬಂದಾಗ ತಲೆಯಲ್ಲಿ ಹೂವಿರುವುದು ನೆನಪಾಗಿ ನಿಂತೆ. ತೆಗೆದು ಎಲ್ಲಿಡಲಿ ಎಂದು ನೋಡಿದರೆ, ಬಾಗಿಲ ಪಕ್ಕದ ಗೋಡೆಯಲ್ಲಿ, ನನ್ನ ಕೈಗೆ ಎಟುಕುವಷ್ಟು ಎತ್ತರದಲ್ಲಿ, ಒಂದು ಮೊಳೆ ಇತ್ತು.